ಜನ ಒಪ್ಪದ ಯುದ್ಧ, ಸೈನಿಕನ ಮನೆ

2007ರಿಂದ 2011ರವರೆಗೆ ಇಂಗ್ಲೆಂಡಿನ ವೂಟನ್ ಬ್ಯಾಸೆಟ್ ಎಂಬ ಸಣ್ಣ ಪಟ್ಟಣದ ಮುಖ್ಯ ಬೀದಿಯಲ್ಲಿ ಒಂದೇ ದೃಶ್ಯ ಮತ್ತೆ ಮತ್ತೆ ಕಾಣಿಸಿಕೊಂಡಿತು. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಶವಪೆಟ್ಟಿಗೆಗಳು ಹತ್ತಿರದ ಲೈನಮ್ ವಾಯುನೆಲೆಯಲ್ಲಿ ಇಳಿದು, ಆ ಬೀದಿಯನ್ನು ಹಾದು ಆಕ್ಸ್‌ಫರ್ಡ್‌ನ ಆಸ್ಪತ್ರೆಯತ್ತ ಸಾಗುತ್ತಿದ್ದವು. ಮೊದಮೊದಲು ಬೆರಳೆಣಿಕೆಯ ಮಾಜಿ ಸೈನಿಕರು ರಸ್ತೆಯ ಬದಿಯಲ್ಲಿ ತಲೆಬಾಗಿ ನಿಂತರು. ಆಮೇಲೆ ಅಂಗಡಿಯವರು ಬಾಗಿಲೆಳೆದು ಬಂದು ನಿಂತರು, ದೂರದ ಊರುಗಳಿಂದ ಜನ ಬಂದು ನಿಂತರು. ಹಾಗೆ ನಿಲ್ಲಬೇಕೆಂದು ಸರ್ಕಾರ ಹೇಳಿರಲಿಲ್ಲ. ಅಲ್ಲಿ ನಿಲ್ಲುವವರಿಗೆ ಯುದ್ಧದ ಬಗ್ಗೆ ಯಾವ ಅಭಿಪ್ರಾಯವಿರಬೇಕೆಂದೂ ಯಾರೂ ಕೇಳಲಿಲ್ಲ.

ಇದೇ ದೇಶದ ರಾಜಧಾನಿಯಲ್ಲಿ 2003ರ ಫೆಬ್ರವರಿ 15ರಂದು ಇರಾಕ್ ಯುದ್ಧದ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದಿದ್ದರು. ಯುದ್ಧ ಆದರೂ ನಡೆಯಿತು. ಇರಾಕ್‌ನಲ್ಲಿ 179 ಬ್ರಿಟಿಷ್ ಸೈನಿಕರು ಸತ್ತರು. ಶಾಂತಿಯುತ ದಾರಿಗಳೆಲ್ಲ ಮುಗಿಯುವ ಮೊದಲೇ ಬ್ರಿಟನ್ ಆ ಯುದ್ಧಕ್ಕೆ ಇಳಿಯಿತು ಎಂದು ಸರ್ಕಾರವೇ ನೇಮಿಸಿದ್ದ ಚಿಲ್ಕಾಟ್ ಸಮಿತಿಯ ವಿಚಾರಣಾ ವರದಿ ಹೇಳಿದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಸತ್ತವರ ಮಕ್ಕಳಲ್ಲಿ ಹಲವರು ತಂದೆಯನ್ನು ಫೋಟೊದಲ್ಲಿ ಮಾತ್ರ ಗುರುತು ಹಿಡಿಯುವ ವಯಸ್ಸಿಗೆ ಬಂದಿದ್ದರು.

ಜನ ಒಪ್ಪದ ಯುದ್ಧಕ್ಕೆ ಹೋದ ಸೈನಿಕನಿಗೆ, ಅದರಲ್ಲೂ ಹೆಂಡತಿ ಮಕ್ಕಳನ್ನು ಬಿಟ್ಟು ಹೋದವನಿಗೆ, ಗೌರವ ಸಲ್ಲಬೇಕೆ? ಪ್ರತಿ ಯುದ್ಧದಲ್ಲೂ ಈ ಪ್ರಶ್ನೆ ತಿರುಗಿ ಬರುತ್ತದೆ. ‘ಸಲ್ಲಲೇಬೇಕು, ಅವನು ಮನೆಯನ್ನೇ ಬಿಟ್ಟು ಹೋಗಿದ್ದಾನೆ’ ಎಂದು ಒಬ್ಬರು ಹೇಳುತ್ತಾರೆ. ‘ಅನ್ಯಾಯದ ಯುದ್ಧಕ್ಕೆ ಕೈ ಜೋಡಿಸಿದವನಿಗೆ ಯಾವ ಗೌರವ’ ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ವಾದದಲ್ಲೂ ಸತ್ಯವಿದೆ. ಆದರೆ ಬೇರೆ ಬೇರೆಯಾದ ಮೂರು ಸಂಗತಿಗಳನ್ನು ಇಬ್ಬರೂ ‘ಗೌರವ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುತ್ತಾರೆ. ಮನುಷ್ಯನಾಗಿ ಅವನಿಗೆ ಸಲ್ಲಬೇಕಾದ ಮರ್ಯಾದೆ ಒಂದು. ಅವನನ್ನು ಕಳುಹಿಸಿದ ಸಮಾಜದ ಮೇಲೆ ಬೀಳುವ ಋಣ ಇನ್ನೊಂದು. ಯುದ್ಧಭೂಮಿಯಲ್ಲಿ ಅವನು ನಡೆದುಕೊಂಡ ರೀತಿಗೆ ಸಿಗುವ ಮೆಚ್ಚುಗೆ ಮತ್ತೊಂದು. ಮೊದಲನೆಯದಕ್ಕೆ ಯಾರೂ ಅರ್ಹತೆ ತೋರಿಸಬೇಕಿಲ್ಲ. ಎರಡನೆಯದು ಅವನ ಗುಣವನ್ನಲ್ಲ, ನಮ್ಮ ಕೆಲಸವನ್ನು ಅವಲಂಬಿಸಿದೆ. ಮೂರನೆಯದನ್ನು ಮಾತ್ರ ಅವನು ಸಂಪಾದಿಸಬೇಕು. ಸಮವಸ್ತ್ರ ತೊಟ್ಟ ಮಾತ್ರಕ್ಕೆ ಅದು ಸಿಗುವುದಿಲ್ಲ, ಮನೆಯಲ್ಲಿ ಮಕ್ಕಳಿದ್ದಾರೆಂದೂ ಸಿಗುವುದಿಲ್ಲ.

ಯುದ್ಧವನ್ನು ಆರಂಭಿಸಿದ ತಪ್ಪು ಸೈನಿಕನದ್ದೇ ಎಂಬ ಪ್ರಶ್ನೆಗೆ ಅಂತಾರಾಷ್ಟ್ರೀಯ ಕಾನೂನು ಸಾಕಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ಜರ್ಮನ್ ಸೇನೆಯ ಉನ್ನತ ಅಧಿಕಾರಿಗಳ ವಿಚಾರಣೆ ನಡೆದಾಗ, ಆಕ್ರಮಣಕಾರಿ ಯುದ್ಧ ಹೂಡಿದ ಆರೋಪದಿಂದ ಆ ಸೇನಾನಿಗಳನ್ನೇ 1948ರಲ್ಲಿ ಬಿಡಲಾಯಿತು. ಯುದ್ಧ ಬೇಕೋ ಬೇಡವೋ ಎಂದು ನಿರ್ಧರಿಸುವ ಸ್ಥಾನದಲ್ಲಿ ಅವರು ಇರಲಿಲ್ಲ ಎಂಬುದು ಕಾರಣ. ಯುದ್ಧದಲ್ಲಿ ಅವರು ನಡೆಸಿದ ಕ್ರೌರ್ಯಕ್ಕೆ ಮಾತ್ರ ಶಿಕ್ಷೆಯಾಯಿತು. ಇಂದಿನ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಕಾನೂನೂ ಆಕ್ರಮಣದ ಅಪರಾಧವನ್ನು ಹೊರಿಸುವುದು ದೇಶದ ರಾಜಕೀಯ ಅಥವಾ ಸೇನಾ ನಡೆಯನ್ನು ನಿಯಂತ್ರಿಸಬಲ್ಲವರ ಮೇಲೆ ಮಾತ್ರ. ಸೇನಾಪತಿಗೇ ಇಲ್ಲದ ಹೊಣೆಯನ್ನು ಕಂದಕದಲ್ಲಿ ಕುಳಿತ ಸಾಮಾನ್ಯ ಸೈನಿಕನ ತಲೆಗೆ ಕಟ್ಟುವುದು ಹೇಗೆ? ಅಲ್ಲಿ ಅವನು ಮಾಡುವ ಕೆಲಸಕ್ಕಾದರೆ ಅವನೇ ಹೊಣೆ. ಮೇಲಿನವರ ಆಜ್ಞೆ ಇತ್ತು ಎಂಬ ನೆಪ ನಡೆಯದು ಎಂದೂ ನ್ಯೂರೆಂಬರ್ಗ್ ತತ್ವಗಳೇ ಹೇಳುತ್ತವೆ.

ಇದನ್ನು ಒಪ್ಪದ ಚಿಂತಕರೂ ಇದ್ದಾರೆ. ಅನ್ಯಾಯದ ಪಕ್ಷದಲ್ಲಿ ಬಂದೂಕು ಹಿಡಿದವನು ತನ್ನ ಮನೆಯನ್ನು ಕಾಯುತ್ತಿರುವ ಎದುರಾಳಿಗೆ ನೈತಿಕವಾಗಿ ಸಮಾನನಲ್ಲ ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಹಾಗೆ ತೂಗಬೇಕಾದರೆ ಸೈನಿಕನಿಗೆ ಏನೇನು ಗೊತ್ತಿತ್ತು, ಬೇಡವೆನ್ನಲು ಅವನಿಗೆ ಎಷ್ಟು ಅವಕಾಶವಿತ್ತು ಎಂಬುದನ್ನೂ ತಕ್ಕಡಿಗೆ ಹಾಕಬೇಕು. ಮನೆಯ ಮಾತು ಬರುವುದು ಇಲ್ಲಿ.

ಸೈನಿಕನ ಸಂಸಾರವನ್ನು ಕಾನೂನೇ ಒಮ್ಮೆ ಬಹಿರಂಗವಾಗಿ ಲೆಕ್ಕಕ್ಕೆ ತೆಗೆದುಕೊಂಡಿತ್ತು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ ಇತ್ತು. 1963ರಲ್ಲಿ ಅಧ್ಯಕ್ಷ ಕೆನಡಿ ವಿವಾಹಿತರನ್ನು ಕರೆಯ ಸರದಿಯಲ್ಲಿ ಹಿಂದಕ್ಕೆ ಹಾಕಿದರು. ಯುದ್ಧ ಬಿಗಡಾಯಿಸಿ ಜನ ಸಾಲದಾದಾಗ, 1965ರ ಆಗಸ್ಟ್ 26ರಂದು ಅಧ್ಯಕ್ಷ ಜಾನ್ಸನ್ ಆ ಸವಲತ್ತನ್ನು ಕಿತ್ತರು. ಆ ಮಧ್ಯರಾತ್ರಿಯ ನಂತರ ಮದುವೆಯಾದವರಿಗೆ ವಿನಾಯಿತಿ ಇಲ್ಲ ಎಂದಾಯಿತು. ಲಾಸ್ ವೇಗಸ್‌ನಲ್ಲಿ ಅಂದು ಗಡಿಯಾರ ಹನ್ನೆರಡು ಹೊಡೆಯುವುದರೊಳಗೆ ತಾಳಿ ಕಟ್ಟಿಬಿಡುವ ಧಾವಂತದಲ್ಲಿ ಜೋಡಿಗಳು ಸಾಲುಗಟ್ಟಿದವು. ತಂದೆಯಾದವರಿಗೆ ಇದ್ದ ವಿನಾಯಿತಿ ಮಾತ್ರ 1970ರವರೆಗೂ ಉಳಿಯಿತು. ಹಾಗೆ ಉಳಿದುಕೊಂಡವರಲ್ಲಿ ಡಿಕ್ ಚೇನಿಯೂ ಒಬ್ಬರು. 1966ರಲ್ಲಿ ಹೆಂಡತಿ ಗರ್ಭಿಣಿಯಾಗಿದ್ದ ಕಾರಣಕ್ಕೆ ಅವರಿಗೆ ವಿನಾಯಿತಿ ಸಿಕ್ಕಿತ್ತು. ಮುಂದೆ ಉಪಾಧ್ಯಕ್ಷರಾಗಿ ಇರಾಕ್ ಯುದ್ಧವನ್ನು ಗಟ್ಟಿಯಾಗಿ ಪ್ರತಿಪಾದಿಸಿದವರು ಅವರೇ.

ಸಂಸಾರಿಗಳನ್ನು ಉಳಿಸಿದಾಗ ಯಾರು ಹೋದರು? ಮದುವೆಯಾಗದ ಹುಡುಗರು, ಕಾಲೇಜಿಗೆ ಹೋಗಲಾಗದ ಬಡವರ ಮಕ್ಕಳು. 1966ರಿಂದ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರ ಅವರ ಯೋಜನೆಯೊಂದು ಅರ್ಹತೆಯ ಮಟ್ಟವನ್ನೇ ಇಳಿಸಿ, ಅದುವರೆಗೆ ಪರೀಕ್ಷೆಯಲ್ಲಿ ತಿರಸ್ಕೃತರಾಗುತ್ತಿದ್ದ ಮೂರು ಲಕ್ಷಕ್ಕೂ ಹೆಚ್ಚು ಯುವಕರನ್ನು ಸೇನೆಗೆ ತುಂಬಿಕೊಂಡಿತು. ‘ಸಂಸಾರವಂದಿಗನ ತ್ಯಾಗ ದೊಡ್ಡದು’ ಎಂಬ ಮಾತು ನನ್ನನ್ನು ಕಾಡುವುದು ಇದೇ ಕಾರಣಕ್ಕೆ. ಹತ್ತೊಂಬತ್ತರ ಹುಡುಗನಿಗೆ ಹೆಂಡತಿ ಮಕ್ಕಳಿಲ್ಲದಿರಬಹುದು. ಅವನಿಗೂ ತಾಯಿಯಿದ್ದಳು. ಮುಂದೆ ಅವನಿಗೆ ಹುಟ್ಟಬೇಕಾಗಿದ್ದ ಮಕ್ಕಳು ಹುಟ್ಟಲೇ ಇಲ್ಲ. ಮದುವೆಯ ಆಧಾರದ ಮೇಲೆ ಜೀವದ ಬೆಲೆ ಏರಿಸಿ ಇಳಿಸುವ ಗೌರವ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಸಂಸಾರದ ಮಾತಿಗೆ ಅರ್ಥವೇ ಇಲ್ಲವೇ? ಇದೆ, ಬೇರೆ ರೀತಿಯಲ್ಲಿ. 1973ರಲ್ಲಿ ಅಮೆರಿಕ ಕಡ್ಡಾಯ ಭರ್ತಿಯನ್ನು ಕೈಬಿಟ್ಟು ಸಂಬಳದ ಸೇನೆಯನ್ನು ಕಟ್ಟಿತು. ಅಲ್ಲಿಂದ ಸೈನ್ಯವೆಂಬುದು ಕೆಲವು ವರ್ಷ ಮುಗಿಸಿ ಬರುವ ಸರದಿಯಾಗಿ ಉಳಿಯದೆ ಬದುಕಿನ ಉದ್ಯೋಗವಾಯಿತು. ಇರಾಕ್ ಯುದ್ಧದ ಹೊತ್ತಿಗೆ ಸೇವೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ವಿವಾಹಿತರು. ಮನೆಬಾಡಿಗೆ, ಮಗುವಿನ ಚಿಕಿತ್ಸೆ, ಮುಂದಿನ ಪಿಂಚಣಿ ಎಲ್ಲವೂ ಆ ಒಂದು ಕೆಲಸಕ್ಕೆ ಗಂಟುಬಿದ್ದಿದ್ದವು. ಕರಾರು ಮುಗಿದವರನ್ನೂ ಬಿಡದೆ ಉಳಿಸಿಕೊಳ್ಳುವ ನಿಯಮವಿತ್ತು. 2007ರಲ್ಲಿ ಹನ್ನೆರಡು ತಿಂಗಳ ಸರದಿಯನ್ನು ಹದಿನೈದಕ್ಕೆ ಏರಿಸಲಾಯಿತು. ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳುವ ಮಗುವಿಗೆ ಇನ್ನೂ ಮೂರು ತಿಂಗಳು ಎಂದು ಹೇಳಬೇಕಾದದ್ದು ಆ ಮನೆಯ ತಾಯಿ.

ಇಂಥವನು ‘ನಾನು ಹೋಗುವುದಿಲ್ಲ’ ಎನ್ನಬಲ್ಲನೇ? ಎಂದವರಿದ್ದಾರೆ. ಕಮಿಲೋ ಮೆಹೀಯಾ ಎಂಬ ಸಾರ್ಜೆಂಟ್ ಇರಾಕ್‌ನಲ್ಲಿ ಕೆಲವು ತಿಂಗಳು ಹೋರಾಡಿ, ರಜೆಯ ಮೇಲೆ ಬಂದಾಗ ಮರಳಿ ಹೋಗಲು ನಿರಾಕರಿಸಿದರು. ಅವರಿಗೂ ಪುಟ್ಟ ಮಗಳಿದ್ದಳು. 2004ರಲ್ಲಿ ಸೇನಾ ನ್ಯಾಯಾಲಯ ಅವರಿಗೆ ಒಂದು ವರ್ಷದ ಸೆರೆ ವಿಧಿಸಿತು. ಸಂಸಾರವಿದೆ ಎಂಬುದು ಹೋದವನ ತ್ಯಾಗವನ್ನು ಹಿಗ್ಗಿಸುತ್ತದೆ ಎನ್ನುವುದಾದರೆ, ಹೋಗದೆ ಜೈಲು ಸೇರಿದವನ ತ್ಯಾಗವನ್ನೂ ಅದು ಅಷ್ಟೇ ಹಿಗ್ಗಿಸಬೇಕು. ಸೈನಿಕ ಕುಟುಂಬಗಳ ಹೆಸರಿನಲ್ಲಿ ಮಾತಾಡುವ ಬಹಳ ಜನ ಇಲ್ಲಿಗೆ ಬಂದಾಗ ಸುಮ್ಮನಾಗುತ್ತಾರೆ. ಅಂಥವರು ಗೌರವ ಎಂದು ಕರೆಯುವುದು ವಿಧೇಯತೆಗೆ ಕೊಡುವ ಬಹುಮಾನವನ್ನು.

ಹೋದವನನ್ನು ದೂಷಿಸಲು ನನಗೆ ಮನಸ್ಸಿಲ್ಲ. ಮನೆಯ ಹೊರೆ ಅವನ ಸ್ವಾತಂತ್ರ್ಯವನ್ನು ಕುಗ್ಗಿಸಿತ್ತು ಎಂಬುದು ಅವನನ್ನು ಮೃದುವಾಗಿ ತೂಗಲು ತಕ್ಕ ಕಾರಣ. ಆದರೆ ಮೃದುವಾಗಿ ತೂಗುವುದೇ ಬೇರೆ, ಪೂಜಿಸುವುದೇ ಬೇರೆ.

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಕಾಳಗದಲ್ಲಿ ಪ್ರಾಣ ಕೊಟ್ಟಾದರೂ ಆ ಋಣವನ್ನು ತೀರಿಸಬೇಕು ಎಂಬ ಕಟ್ಟುಪಾಡು ಅದು. ಅಲ್ಲಿ ಸಾಲಗಾರ ಆಳು, ಸಾಲ ಕೊಟ್ಟವನು ಅರಸ. ಯುದ್ಧ ನ್ಯಾಯವೋ ಅನ್ಯಾಯವೋ ಎಂದು ಕೇಳುವ ಹಕ್ಕು ಆಳಿಗಿಲ್ಲ. ಜನರೇ ಆಳುವವರನ್ನು ಆರಿಸುವ ದೇಶದಲ್ಲಿ ಈ ಲೆಕ್ಕ ಬೇರೆಯಾಗಬೇಕು. ಸೈನಿಕನಿಗೆ ನಾವು ಕೊಡುವ ಸಂಬಳ ಅವನ ದುಡಿಮೆಗೆ ಸಾಟಿಯಾದೀತೇ ಹೊರತು ಸಾವಿಗಲ್ಲ. ‘ಎಲ್ಲಿಗೆ, ಯಾಕೆ ಎಂದು ಕೇಳದೆ ಹೋಗುತ್ತೇನೆ’ ಎಂದು ಅವನು ಮಾತು ಕೊಟ್ಟಿದ್ದಾನೆ. ಕೇಳುವ ಕೆಲಸವನ್ನು ಅವನ ಪರವಾಗಿ ನಾವು ಮಾಡುತ್ತೇವೆ ಎಂಬ ನಂಬಿಕೆ ಆ ಮಾತಿನ ಬೆನ್ನಿಗಿದೆ. ನಾವು ಕೇಳದೆ ಹೋದರೆ, ಅಥವಾ ಕೇಳಿಯೂ ತಡೆಯಲಾಗದೆ ಹೋದರೆ, ಸಾಲಗಾರರು ನಾವು. ಯುದ್ಧ ತಪ್ಪಾಗಿದ್ದಷ್ಟೂ ಸೈನಿಕನ ಮನೆಗೆ ನಾವು ತೀರಿಸಬೇಕಾದ ಬಾಕಿ ಹೆಚ್ಚುತ್ತದೆ. ಜನ ಒಪ್ಪದ ಯುದ್ಧದ ಸೈನಿಕನಿಗೆ ಕಡಿಮೆ ಗೌರವ ಎಂಬ ವಾದ ನನಗೆ ತಲೆಕೆಳಗಾಗಿ ಕಾಣುವುದು ಅದಕ್ಕೇ.

ಈ ಬಾಕಿಯಿಂದ ನುಣುಚಿಕೊಂಡ ಉದಾಹರಣೆಗಳು ಬೇಕಷ್ಟಿವೆ. 1979ರಿಂದ 1989ರವರೆಗೆ ನಡೆದ ಅಫ್ಘಾನ್ ಯುದ್ಧದಲ್ಲಿ ಸುಮಾರು ಹದಿನೈದು ಸಾವಿರ ಸೋವಿಯತ್ ಸೈನಿಕರು ಸತ್ತರು. ಮೊಹರು ಹಾಕಿದ ಸತುವಿನ ಪೆಟ್ಟಿಗೆಗಳಲ್ಲಿ ಶವಗಳು ಬಂದವು. ಮೊದಲ ವರ್ಷಗಳಲ್ಲಿ ಆ ಮಕ್ಕಳು ಎಲ್ಲಿ, ಹೇಗೆ ಸತ್ತರೆಂದು ಬಾಯಿಬಿಟ್ಟು ಹೇಳಲು ತಾಯಂದಿರಿಗೆ ಬಿಡಲಿಲ್ಲ. ಕೈಕಾಲು ಕಳೆದುಕೊಂಡು ಬದುಕಿ ಬಂದವರು ಮನೆಗಾಗಿ, ಪಿಂಚಣಿಗಾಗಿ ಕಚೇರಿಗಳ ಮೆಟ್ಟಿಲು ಹತ್ತಿದಾಗ ಕೇಳಿದ ಉತ್ತರ ರಷ್ಯನ್ ಭಾಷೆಯಲ್ಲಿ ಗಾದೆಯಂತೆ ಉಳಿದುಕೊಂಡಿದೆ: ‘ನಿಮ್ಮನ್ನು ಅಲ್ಲಿಗೆ ಕಳುಹಿಸಿದ್ದು ನಾವಲ್ಲ.’

ಭಾರತಕ್ಕೂ ಇಂಥದೊಂದು ನೆನಪಿದೆ. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ, ಯಾರನ್ನು ಕಾಯಲು ಹೋಗಿತ್ತೋ ಅವರ ಹೆಸರಿನಲ್ಲೇ ಹೋರಾಡುತ್ತಿದ್ದ ಸಂಘಟನೆಯೊಂದಿಗೆ ಯುದ್ಧಕ್ಕೆ ಬಿದ್ದಿತು. ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಮದ್ರಾಸಿಗೆ ಮರಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರನ್ನು ಕೊಂದ ಸೇನೆ ಎಂಬುದು ಅವರ ಆಕ್ಷೇಪ. ಆ ಆಕ್ಷೇಪದ ಹಿಂದೆ ನಿಜವಾದ ನೋವಿತ್ತು, ನಾಗರಿಕರ ಸಾವುಗಳಿದ್ದವು. ಆದರೆ ಆ ಹಡಗಿನಿಂದ ಇಳಿದ ಸೈನಿಕ ಅಲ್ಲಿಗೆ ಹೋಗುವ ತೀರ್ಮಾನ ಮಾಡಿದವನಲ್ಲ. ದೆಹಲಿಯ ಮೇಲಿನ ಸಿಟ್ಟು ಸಿಪಾಯಿಯ ಮೇಲೆ ಹೊರಳಿತು.

ಗೌರವದ ಇನ್ನೊಂದು ದುರುಪಯೋಗ ಇದಕ್ಕಿಂತ ಅಪಾಯಕಾರಿ. ‘ನಮ್ಮ ಹುಡುಗರು ಅಲ್ಲಿ ಪ್ರಾಣ ಕೊಡುತ್ತಿರುವಾಗ ಯುದ್ಧವನ್ನು ಪ್ರಶ್ನಿಸುವುದು ಅವರಿಗೆ ಅವಮಾನ’ ಎನ್ನುತ್ತಾರೆ. ಹೀಗೆ ಯುದ್ಧ ಹೂಡಿದವರು ಸೈನಿಕನ ಶವವನ್ನೇ ತಮ್ಮ ಗುರಾಣಿ ಮಾಡಿಕೊಳ್ಳುತ್ತಾರೆ. ರಷ್ಯಾ ಇದನ್ನು ಕಾನೂನಿನ ರೂಪಕ್ಕೇ ತಂದಿತು. ಉಕ್ರೇನ್ ಮೇಲಿನ ಆಕ್ರಮಣ ಆರಂಭವಾದ ಮರು ತಿಂಗಳೇ, 2022ರ ಮಾರ್ಚ್‌ನಲ್ಲಿ, ಸೇನೆಯ ಹೆಸರು ಕೆಡಿಸುವುದನ್ನು ಅಪರಾಧವೆಂದು ಘೋಷಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೂರು ಲಕ್ಷ ಜನರನ್ನು ಸೇನೆಗೆ ಕರೆಯಲಾಯಿತು. ಹೋದವರು ಹಿಂದಿರುಗುವ ದಿನವೇ ನಿಗದಿಯಾಗದಿದ್ದಾಗ ಅವರ ಹೆಂಡಂದಿರು ಬಿಳಿಯ ವಸ್ತ್ರ ತಲೆಗೆ ಕಟ್ಟಿಕೊಂಡು, ಕ್ರೆಮ್ಲಿನ್ ಗೋಡೆಯ ಬಳಿಯ ಅಜ್ಞಾತ ಸೈನಿಕನ ಸಮಾಧಿಗೆ ಹೂವಿಟ್ಟು, ‘ನಮ್ಮ ಗಂಡಂದಿರನ್ನು ಮನೆಗೆ ಕಳುಹಿಸಿ’ ಎಂದು ಕೇಳಿದರು. ಸೇನೆಯ ಗೌರವದ ಹೆಸರಿನಲ್ಲಿ ಕಾನೂನು ಮಾಡಿದ ಸರ್ಕಾರವೇ 2024ರಲ್ಲಿ ಆ ಹೆಂಗಸರ ಚಳವಳಿಗೆ ‘ವಿದೇಶಿ ಏಜೆಂಟ್’ ಎಂಬ ಹಣೆಪಟ್ಟಿ ಹಚ್ಚಿತು.

ಅಮೆರಿಕದಲ್ಲೂ ಇದರ ನೆರಳಿದೆ. ವಿಯೆಟ್ನಾಂನಿಂದ ಮರಳಿದವರ ಮೇಲೆ ವಿಮಾನ ನಿಲ್ದಾಣಗಳಲ್ಲಿ ಪ್ರತಿಭಟನಾಕಾರರು ಉಗುಳಿದರು ಎಂಬ ಕಥೆ ಇಂದಿಗೂ ಓಡಾಡುತ್ತದೆ. ಆ ಕಾಲದ ದಾಖಲೆಗಳನ್ನು ಹುಡುಕಿದ ಸಂಶೋಧಕರಿಗೆ ಇದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿದ್ದು ತೀರಾ ಕಡಿಮೆ. ದಾಖಲಾಗಿರುವುದು ಬೇರೊಂದು ದೃಶ್ಯ. 1971ರ ಏಪ್ರಿಲ್‌ನಲ್ಲಿ ನೂರಾರು ಮಾಜಿ ಸೈನಿಕರು ತಮ್ಮ ಪದಕಗಳನ್ನು ವಾಷಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲುಗಳತ್ತ ಎಸೆದರು. ಯುದ್ಧ ವಿರೋಧಿಗಳು ಮತ್ತು ಸೈನಿಕರು ಎರಡು ಬಣಗಳೆಂಬುದೇ ಅರೆಸತ್ಯ. ಬಹಳ ಸಲ ಅವರು ಒಬ್ಬನೇ ಮನುಷ್ಯ, ಅವನ ಒಂದೇ ಮನೆ. ಇರಾಕ್‌ನಲ್ಲಿ 2004ರಲ್ಲಿ ಮಗನನ್ನು ಕಳೆದುಕೊಂಡ ಸಿಂಡಿ ಶೀಹನ್ ಮರುವರ್ಷ ಅಧ್ಯಕ್ಷ ಬುಷ್ ಅವರ ಟೆಕ್ಸಾಸ್ ತೋಟದ ಮನೆಯ ಹೊರಗೆ ಬಿಡಾರ ಹೂಡಿ, ನನ್ನ ಮಗ ಸತ್ತಿದ್ದು ಯಾವ ಉದಾತ್ತ ಉದ್ದೇಶಕ್ಕೆ ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಸೈನಿಕನಿಗೆ ಅವಮಾನ ಎನ್ನಲು ಯಾರಿಗೆ ಬಾಯಿ ಬಂದೀತು?

ಋಣ ತೀರಿಸುವುದೆಂದರೆ ಏನೆಂದು ತಿಳಿಯಲು ಸಮಾರಂಭಗಳನ್ನು ಬಿಟ್ಟು ಆಸ್ಪತ್ರೆ ಮತ್ತು ಪಿಂಚಣಿಯ ಕಡತಗಳನ್ನು ನೋಡಬೇಕು. ವಿಯೆಟ್ನಾಂ ಕಾಡುಗಳ ಮೇಲೆ 1962ರಿಂದ 1971ರವರೆಗೆ ‘ಏಜೆಂಟ್ ಆರೆಂಜ್’ ಮೊದಲಾದ ಎಲೆ ಉದುರಿಸುವ ವಿಷ ಸಿಂಪಡಿಸಲಾಯಿತು. ಅದಕ್ಕೆ ಒಡ್ಡಿಕೊಂಡ ಅಮೆರಿಕನ್ ಸೈನಿಕರ ಕಾಯಿಲೆಗಳಿಗೆ ಪರಿಹಾರದ ದಾರಿ ತೆರೆದ ಕಾನೂನು ಬಂದದ್ದು 1991ರಲ್ಲಿ. ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ಅವರ ಮಕ್ಕಳಿಗೆ ನೆರವು ಮಂಜೂರಾದದ್ದು 1996ರಲ್ಲಿ. ಅಪ್ಪ ಹೋಗಿ ಬಂದ ಯುದ್ಧ ಮಗುವಿನ ಬೆನ್ನೆಲುಬಿನಲ್ಲಿ ಕುಳಿತಿತ್ತು. ವಿಯೆಟ್ನಾಂನ ಹಳ್ಳಿಗಳ ಮಕ್ಕಳ ಮಾತಂತೂ ಇನ್ನೂ ದೊಡ್ಡದು. 2007ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಆವರಣದಲ್ಲಿ, ಇರಾಕ್‌ನಿಂದ ಗಾಯಗೊಂಡು ಬಂದವರನ್ನು ಬೂಷ್ಟು ಹಿಡಿದ ಗೋಡೆಗಳ, ಇಲಿಗಳು ಓಡಾಡುವ ಕಟ್ಟಡದಲ್ಲಿ ಇರಿಸಿದ್ದು ಬಯಲಾಯಿತು. ಇರಾಕ್ ಮತ್ತು ಅಫ್ಘಾನಿಸ್ತಾನದ ನೆಲೆಗಳಲ್ಲಿ ಕಸ ಸುಡುತ್ತಿದ್ದ ಗುಂಡಿಗಳ ಹೊಗೆಯಿಂದ ಬಂದ ರೋಗಗಳಿಗೆ ವ್ಯಾಪಕ ಪರಿಹಾರ ಕೊಡುವ ಕಾನೂನು 2022ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಇಂದಿಗೂ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ. ಕ್ರೀಡಾಂಗಣದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುವುದಕ್ಕೆ ಖರ್ಚಿಲ್ಲ. ಇವುಗಳಿಗೆ ಖರ್ಚಿದೆ, ಆದ್ದರಿಂದಲೇ ತಡವಾಗುತ್ತದೆ.

ಎದುರು ಪಕ್ಷದ ಮನೆಗಳ ಮಾತಿಲ್ಲದೆ ಈ ಚರ್ಚೆ ಪ್ರಾಮಾಣಿಕವಾಗದು. 2005ರ ನವೆಂಬರ್ 19ರಂದು ಇರಾಕ್‌ನ ಹದೀಥಾದಲ್ಲಿ ಅಮೆರಿಕನ್ ಮರೀನ್ ಸೈನಿಕರು 24 ಜನರನ್ನು ಕೊಂದರು. ಅವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಹಲವರು ಸತ್ತದ್ದು ತಮ್ಮ ಮನೆಯೊಳಗೇ. ಈ ಪ್ರಕರಣದಲ್ಲಿ ಒಬ್ಬನೂ ಜೈಲಿಗೆ ಹೋಗಲಿಲ್ಲ. ಬಂದೂಕು ಹಿಡಿದವನಿಗೆ ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ ಎಂಬುದು ನಮ್ಮ ಕರುಳು ಹಿಂಡುತ್ತದೆಯಾದರೆ, ಬಾಗಿಲ ಹಿಂದೆ ಮಕ್ಕಳನ್ನು ಅಪ್ಪಿಕೊಂಡು ಕುಳಿತವಳ ಸಂಸಾರವೂ ಹಿಂಡಬೇಕು.

ಯುದ್ಧಭೂಮಿಯ ನಡತೆಗೆ ಸಲ್ಲಬೇಕಾದ ಮೆಚ್ಚುಗೆಯ ವಿಷಯದಲ್ಲಿ ಸಮಾಜಗಳು ತೀರಾ ಕೆಟ್ಟದಾಗಿ ಸೋತಿವೆ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್‌ನಲ್ಲಿ ಅಮೆರಿಕನ್ ತುಕಡಿಯೊಂದು ಹಳ್ಳಿಗರನ್ನು ಸಾಲಾಗಿ ಕೊಲ್ಲುತ್ತಿದ್ದಾಗ, ಹ್ಯೂ ಥಾಮ್ಸನ್ ಎಂಬ ಪೈಲಟ್ ತನ್ನ ಹೆಲಿಕಾಪ್ಟರನ್ನು ಸೈನಿಕರ ಮತ್ತು ಹಳ್ಳಿಗರ ನಡುವೆ ಇಳಿಸಿ, ಸಿಕ್ಕವರನ್ನು ಉಳಿಸಿದರು. ವಿಯೆಟ್ನಾಂನ ಲೆಕ್ಕದಲ್ಲಿ ಅಂದು ಸತ್ತವರು 504. ಕೊಲೆಗೆ ಶಿಕ್ಷೆಯಾದ ಏಕೈಕ ಅಧಿಕಾರಿ ವಿಲಿಯಂ ಕ್ಯಾಲಿಗೆ 1971ರಲ್ಲಿ ಜೀವಾವಧಿ ವಿಧಿಸಿದಾಗ ಅವರ ಪರವಾಗಿ ಶ್ವೇತಭವನಕ್ಕೆ ತಂತಿಗಳ ಮಳೆಯೇ ಸುರಿಯಿತು. ಕೊನೆಗೆ ಅವರು ಅನುಭವಿಸಿದ್ದು ಬಹುಪಾಲು ಗೃಹಬಂಧನದಲ್ಲಿ ಕಳೆದ ಸುಮಾರು ಮೂರೂವರೆ ವರ್ಷ. ಥಾಮ್ಸನ್‌ಗೆ ಬಂದದ್ದು ಕೊಲೆ ಬೆದರಿಕೆಗಳು, ಮನೆಯ ಅಂಗಳದಲ್ಲಿ ಸತ್ತ ಪ್ರಾಣಿಗಳು. ಅವರಿಗೆ ಸೇನೆ ‘ಸೋಲ್ಜರ್ಸ್ ಮೆಡಲ್’ ಪದಕ ಕೊಟ್ಟಿದ್ದು 1998ರಲ್ಲಿ, ಮೂವತ್ತು ವರ್ಷಗಳ ನಂತರ.

ಜೋಸೆಫ್ ಡಾರ್ಬಿ ಅವರ ಕಥೆ ಇನ್ನೂ ಹತ್ತಿರದ್ದು. 2004ರ ಜನವರಿಯಲ್ಲಿ ಇರಾಕ್‌ನ ಅಬು ಗ್ರೇಬ್ ಸೆರೆಮನೆಯಲ್ಲಿದ್ದ ಈ ಸೈನಿಕ, ಕೈದಿಗಳನ್ನು ಬೆತ್ತಲೆಗೊಳಿಸಿ ಹಿಂಸಿಸುತ್ತಿದ್ದ ಚಿತ್ರಗಳಿದ್ದ ಡಿಸ್ಕನ್ನು ತನಿಖಾಧಿಕಾರಿಗಳ ಕೈಗಿಟ್ಟರು. ಹೆಸರು ಗುಟ್ಟಾಗಿರುತ್ತದೆ ಎಂದು ಅವರಿಗೆ ಭರವಸೆ ಸಿಕ್ಕಿತ್ತು. ಆ ಮೇ ತಿಂಗಳಲ್ಲಿ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್, ದೂರದರ್ಶನದಲ್ಲಿ ನೇರ ಪ್ರಸಾರವಾಗುತ್ತಿದ್ದ ವಿಚಾರಣೆಯಲ್ಲಿ, ಅವರ ಹೆಸರನ್ನು ಹೇಳಿದರು. ಡಾರ್ಬಿ ಸೈನಿಕನೇ, ಜನ ಒಪ್ಪದ ಯುದ್ಧಕ್ಕೆ ಹೋದವರೇ, ಊರಲ್ಲಿ ಹೆಂಡತಿಯನ್ನು ಬಿಟ್ಟು ಹೋದವರೇ. ಸೈನಿಕರು ಕ್ಷೇಮವಾಗಿ ಮರಳಲೆಂದು ಹಾರೈಸಿ ಅವರ ಮನೆಗಳಿಗೆ ಹಳದಿ ರಿಬ್ಬನ್ ಕಟ್ಟುತ್ತಿದ್ದ ಆ ದಿನಗಳಲ್ಲಿ ಅವರ ಮನೆಗೆ ಬಂದದ್ದು ಬೆದರಿಕೆ. ಹೆಂಡತಿ ಕಾವಲಿನಲ್ಲಿ ಊರು ಬಿಡಬೇಕಾಯಿತು. ಸೇವೆಯಿಂದ ಮರಳಿದ ಡಾರ್ಬಿ ಆ ಊರಲ್ಲಿ ಮತ್ತೆ ಮನೆ ಮಾಡಲಿಲ್ಲ.